ಹಾಲು ಮೊಸರಾಗುವುದನ್ನೇ ಇಟ್ಟುಕೊಂಡು ಆಮ್ಲ, ಬಂಧ, ಪ್ರೋಟೀನು ಹೇಳಿಕೊಡಬಹುದೇ?

ಹೊಂಗೆನೆರಳು ಕೇಳಿದ ಪ್ರಶ್ನೆ

ಪ್ರಥಮ ಪಿಯು ಜೀವಶಾಸ್ತ್ರದಲ್ಲಿ ಜೈವಿಕ ಅಣುಗಳ ಪಾಠಕ್ಕೆ ಕೈಹಾಕುವ ಮುಂಚೆ ಮೂರು ತರಗತಿಗಳನ್ನು ರಸಾಯನಶಾಸ್ತ್ರದ ತಳಹದಿಗೆಂದೇ ಇಟ್ಟಿದ್ದೇನೆ. ಸಹವೇಲೆನ್ಸೀಯ ಬಂಧ, ಅಯಾನಿಕ ಬಂಧ, ಹೈಡ್ರೋಜನ್ ಬಂಧ ಇವುಗಳ ವ್ಯಾಖ್ಯೆ ಮಕ್ಕಳಿಗೆ ಬಾಯಿಪಾಠ ಇದೆ. ಆದರೆ ಆ ಬಂಧಕ್ಕೂ ಜೀವಕೋಶಕ್ಕೂ ಏನು ಸಂಬಂಧ ಎಂದರೆ ಉತ್ತರವಿಲ್ಲ. ಹತ್ತು ಉದಾಹರಣೆ ಕೊಟ್ಟು ಚೆಲ್ಲಾಪಿಲ್ಲಿ ಮಾಡುವ ಬದಲು ಒಂದೇ ವಸ್ತುವಿನ ಮೇಲೆ ಎಲ್ಲವನ್ನೂ ಕಟ್ಟಬೇಕೆಂದು ಮೊಸರನ್ನು ಆರಿಸಿಕೊಂಡಿದ್ದೇನೆ. ಮೂರು ಕಡೆ ನನ್ನ ವಿವರಣೆ ಗಟ್ಟಿಯಿಲ್ಲ:

ಒಂದು, ಕುದಿಯುವ ಹಾಲಿಗೆ ನಿಂಬೆ ಹಿಂಡಿದರೆ ಒಡೆದು ಗಟ್ಟಿ ಬೇರೆ, ನೀರು ಬೇರೆ ಆಗುತ್ತದೆ. ಅದೇ ಹಾಲಿಗೆ ಹೆಪ್ಪು ಹಾಕಿದರೆ ಬಟ್ಟಲಿನ ಆಕಾರದಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಎರಡೂ ಕಡೆ ಕೆಲಸ ಮಾಡಿದ್ದು ಆಮ್ಲವೇ. ಮತ್ತೆ ಈ ವ್ಯತ್ಯಾಸ ಎಲ್ಲಿಂದ?

ಎರಡು, ಹಾಲಿನ ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 6.6, ಮೊಸರಿನದು 4.6 ಎಂದರೆ "ಬರೀ ಎರಡು ತಾನೆ ಕಡಿಮೆಯಾಗಿದ್ದು" ಎಂದುಕೊಳ್ಳುತ್ತಾರೆ. ಆ ಎರಡರ ತೂಕ ಮನಸ್ಸಿಗೆ ಇಳಿಯುವ ಹಾಗೆ ಹೇಗೆ ಹೇಳುವುದು?

ಮೂರು, ಬಫರ್, ಅಂದರೆ ಆಮ್ಲ ಬಿದ್ದರೂ ಪಿಎಚ್ ಬೇಗ ಇಳಿಯದಂತೆ ತಡೆಯುವಂಥದ್ದು. ಪಿಎಚ್ ಮೀಟರ್ ಇಲ್ಲ. ಪಿಎಚ್ ಕಾಗದದ ಸುರುಳಿ, ವಿನೆಗರ್, ಒಂದು ಡಿಜಿಟಲ್ ಥರ್ಮಾಮೀಟರ್, ಕೆಲವು ಸಿರಿಂಜುಗಳು ಇವೆ. ಇಷ್ಟರಲ್ಲೇ ತೋರಿಸಬಹುದೇ?

---

ಕಡೆಗೋಲು

ಮೊಸರು ತುಂಬಾ ಒಳ್ಳೆಯ ಆಯ್ಕೆ. ನೀವು ಹೆಸರಿಸಿದ ಎಲ್ಲ ಬಂಧಗಳೂ ಆ ಒಂದು ಬಟ್ಟಲಲ್ಲೇ ಸಿಗುತ್ತವೆ. ಪರಮಾಣು ರಚನೆಯಿಂದ ಶುರುಮಾಡಬೇಡಿ, ವಿದ್ಯುದಾವೇಶದಿಂದ ಶುರುಮಾಡಿ. ಜೀವಕೋಶದೊಳಗೆ ಕ್ಷಣಕ್ಷಣವೂ ನಡೆಯುವುದರಲ್ಲಿ ದೊಡ್ಡ ಪಾಲು ಇದೇ: ಧನಾವೇಶ ಋಣಾವೇಶಗಳು ಸೆಳೆದುಕೊಳ್ಳುವುದು, ಒಂದೇ ಆವೇಶದವು ದೂರ ತಳ್ಳಿಕೊಳ್ಳುವುದು, ನೀರಿಗೆ ಒಗ್ಗದ ಭಾಗಗಳು ತಮ್ಮತಮ್ಮಲ್ಲೇ ಅಂಟಿಕೊಳ್ಳುವುದು. ಇದು ತಲೆಗೆ ಹತ್ತಿದರೆ ಕಿಣ್ವ, ಕೋಶಪೊರೆ, ಡಿಎನ್ಎ ಯಾವುದನ್ನು ಎತ್ತಿಕೊಂಡರೂ ಮಕ್ಕಳು ಹಿಂದೆ ಬರುತ್ತಾರೆ.

ಮೊದಲು ಹಾಲಿನಲ್ಲಿ ಏನಿದೆ ನೋಡೋಣ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರು. ಲ್ಯಾಕ್ಟೋಸ್ ಸಕ್ಕರೆ ಸುಮಾರು 48 ಗ್ರಾಂ, ಕೊಬ್ಬು 35ರಿಂದ 45 ಗ್ರಾಂ, ಪ್ರೋಟೀನು 32ರಿಂದ 35 ಗ್ರಾಂ. ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್. ಉಳಿದದ್ದು ತಿಳಿನೀರಿನಲ್ಲಿ ಕರಗಿರುವ ಪ್ರೋಟೀನುಗಳು. ಅವನ್ನು ಇಲ್ಲಿ ತಿಳಿ ಪ್ರೋಟೀನು ಎಂದು ಕರೆಯುತ್ತೇನೆ.

ಕೇಸೀನ್ ಬಿಡಿಬಿಡಿಯಾಗಿ ಇರುವುದಿಲ್ಲ. ಸಾವಿರಾರು ಅಣುಗಳು ಸೇರಿ ಉಂಡೆ ಕಟ್ಟಿಕೊಂಡಿರುತ್ತವೆ. ಆ ಉಂಡೆಯೇ ಮೈಸೆಲ್. ಅಡ್ಡಳತೆ ಸಾಮಾನ್ಯವಾಗಿ 100ರಿಂದ 200 ನ್ಯಾನೋಮೀಟರ್. ಬೆಳಕನ್ನು ಚದುರಿಸಿ ಹಾಲನ್ನು ಬೆಳ್ಳಗೆ ಕಾಣಿಸುವುದರಲ್ಲಿ ಈ ಉಂಡೆಗಳ ಪಾಲು ದೊಡ್ಡದು. ಕೆನೆ ಪೂರ್ತಿ ತೆಗೆದ ಹಾಲೂ ಬೆಳ್ಳಗೇ ಇರುವುದು ಇದರಿಂದ. ಉಂಡೆಯ ಒಳಗೆ ಅಂಟಿನ ಕೆಲಸ ಮಾಡುವುದು ಕ್ಯಾಲ್ಸಿಯಂ ಫಾಸ್ಫೇಟ್. ಕೇಸೀನ್ ಸರಪಳಿಯಲ್ಲಿ ಸೆರಿನ್ ಎಂಬ ಅಮೈನೋ ಆಮ್ಲಗಳಲ್ಲಿ ಕೆಲವಕ್ಕೆ ಫಾಸ್ಫೇಟ್ ಗುಂಪು ತಗುಲಿಕೊಂಡಿರುತ್ತದೆ. ಬೀಟಾ ಕೇಸೀನ್‌ನಲ್ಲಿ ಅಂಥವು 5. ಅವುಗಳ ಋಣಾವೇಶ ಕ್ಯಾಲ್ಸಿಯಂನ ಧನಾವೇಶವನ್ನು ಹಿಡಿದುಕೊಳ್ಳುತ್ತದೆ. ಅಯಾನಿಕ ಬಂಧಕ್ಕೆ ಉಪ್ಪಿನ ಹರಳಿನ ಚಿತ್ರ ಬರೆಯುವ ಬದಲು ಇದನ್ನು ಬರೆಯಿರಿ.

ಉಂಡೆಯ ಹೊರಮೈ ಹೇಗಿದೆ ಎಂಬುದಕ್ಕೆ ಕದಂಬದ ಹೂವನ್ನು ನೆನಪಿಸಿಕೊಳ್ಳಿ. ದುಂಡನೆಯ ಚೆಂಡು, ಮೈತುಂಬ ಎದ್ದು ನಿಂತ ಎಳೆಗಳು. ಮೈಸೆಲ್ ಮೇಲೆ ಆ ಎಳೆಗಳು ಕಪ್ಪಾ ಕೇಸೀನ್ ಎಂಬ ಪ್ರೋಟೀನಿನ ತುದಿಗಳು. ನೀರಿನ ಜೊತೆ ಚೆನ್ನಾಗಿ ಬೆರೆಯುತ್ತವೆ, ಋಣಾವೇಶವನ್ನೂ ಹೊತ್ತಿರುತ್ತವೆ. ಎರಡು ಉಂಡೆ ಹತ್ತಿರ ಬಂದರೆ ಎಳೆಗೆ ಎಳೆ ತಾಗಿ, ಋಣಕ್ಕೆ ಋಣ ಎದುರಾಗಿ ದೂರ ಸರಿಯುತ್ತವೆ. ಹಾಲು ಹಾಲಾಗಿ ಉಳಿದಿರುವುದಕ್ಕೆ ಇದೇ ಕಾರಣ.

ಈಗ ಆಮ್ಲ ಬರುತ್ತದೆ, ಅಂದರೆ ಹೈಡ್ರೋಜನ್ ಅಯಾನುಗಳು ಬರುತ್ತವೆ. ಅವು ಋಣಾವೇಶದ ಜಾಗಗಳಿಗೆ ಹೋಗಿ ಕೂರುತ್ತವೆ. ಪಿಎಚ್ 6ರ ಹತ್ತಿರಕ್ಕೆ ಇಳಿದರೂ ಹಾಲು ನೋಡಲು ಸರಿಯಾಗಿಯೇ ಇರುತ್ತದೆ. ಆದರೆ ಕಾಯಿಸಿದರೆ ಒಡೆಯುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟ ಹಾಲು ಒಲೆಯ ಮೇಲೆ ಒಡೆಯುವ ಗುಟ್ಟು ಇದು, ಮಕ್ಕಳು ಎಲ್ಲರೂ ನೋಡಿರುವಂಥದ್ದು. 5.2ರ ಸುಮಾರಿಗೆ ಬರುವಷ್ಟರಲ್ಲಿ ಉಂಡೆಯೊಳಗಿನ ಕ್ಯಾಲ್ಸಿಯಂ ಫಾಸ್ಫೇಟ್ ಹೆಚ್ಚುಕಡಿಮೆ ಎಲ್ಲಾ ಕರಗಿ ತಿಳಿನೀರಿಗೆ ಬಂದಿರುತ್ತದೆ. 4.6ಕ್ಕೆ ಕೇಸೀನ್‌ನ ಒಟ್ಟು ಆವೇಶ ಸೊನ್ನೆ. ತಳ್ಳುವ ಬಲ ಹೋಯಿತು, ನೀರಿಗೆ ಒಗ್ಗದ ಭಾಗಗಳು ಒಂದಕ್ಕೊಂದು ಅಂಟಿಕೊಂಡವು, ಮೊಸರಾಯಿತು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಂದ ಸಿಗುತ್ತದೆ. ರಾಸಾಯನಿಕವಾಗಿ ಎರಡೂ ಕಡೆ ನಡೆದದ್ದು ಬಹುಮಟ್ಟಿಗೆ ಒಂದೇ. ಬೇರೆಯಾಗಿದ್ದು ವೇಗ, ಬಿಸಿ, ಅಲುಗಾಟ. ಕುದಿಯುವ ಹಾಲಿಗೆ ನಿಂಬೆರಸ ಬಿದ್ದ ಜಾಗದಲ್ಲಿ ಒಂದೇ ಕ್ಷಣಕ್ಕೆ ಪಿಎಚ್ ಕುಸಿಯುತ್ತದೆ, ಮೇಲಿಂದ ಸೌಟು ತಿರುಗುತ್ತಿರುತ್ತದೆ. ಉಂಡೆಗಳು ಪಕ್ಕದಲ್ಲಿ ಸಿಕ್ಕಿದ್ದಕ್ಕೆ ಅಂಟಿಕೊಂಡು ದಪ್ಪ ಗಂಟಾಗುತ್ತವೆ. ಆ ಬಿಸಿಯಲ್ಲಿ ಗಂಟು ಬಿಗಿಯಾಗಿ ನೀರನ್ನು ಹಿಂಡಿ ಹೊರಹಾಕುತ್ತದೆ. ಹೆಚ್ಚಿನ ಬಿಸಿಯಲ್ಲಿ ಒಡೆಯಲು 4.6ರವರೆಗೆ ಇಳಿಯಬೇಕಾಗಿಯೂ ಇಲ್ಲ, ಪನೀರಿನ ಪಿಎಚ್ ಸಾಮಾನ್ಯವಾಗಿ 5ರ ಮೇಲೆಯೇ ಇರುತ್ತದೆ. ಹೆಪ್ಪು ಹಾಕಿದಾಗ ಹಾಗಲ್ಲ. ಬ್ಯಾಕ್ಟೀರಿಯಾಗಳು ಬಟ್ಟಲಿನ ಮೂಲೆಮೂಲೆಯಲ್ಲೂ ಇವೆ, ಎಲ್ಲ ಕಡೆ ಸಮನಾಗಿ, ಐದಾರು ಗಂಟೆ ತೆಗೆದುಕೊಂಡು ಆಮ್ಲ ಮಾಡುತ್ತವೆ. ಉಂಡೆಗಳು ಸರ ಪೋಣಿಸಿದ ಹಾಗೆ ಒಂದರ ತುದಿಗೆ ಒಂದು ಸೇರಿ ಬಲೆಯಾಗುತ್ತವೆ. ಹಾಲಿನ ನೀರೆಲ್ಲ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಪ್ಪಾಗುವ ಹೊತ್ತಿನಲ್ಲಿ ಪಾತ್ರೆ ಅಲ್ಲಾಡಿಸಬಾರದು ಎನ್ನುವುದು ಇದಕ್ಕೇ. ಬಲೆ ಹರಿದ ಕಡೆ ನೀರು ಬಿಡುತ್ತದೆ.

ಬ್ಯಾಕ್ಟೀರಿಯಾ ಬೇಡವೇ ಬೇಡ, ನಿಧಾನವಾಗಿ ಬರುವ ಆಮ್ಲವಿದ್ದರೆ ಸಾಕು ಎಂದು ತೋರಿಸಬೇಕಾದರೆ ಗ್ಲುಕೋನೋ ಡೆಲ್ಟಾ ಲ್ಯಾಕ್ಟೋನ್ ಪುಡಿ ತರಿಸಿಕೊಳ್ಳಿ. ಮೆತ್ತನೆಯ ಟೋಫು ಮಾಡುವವರು ಬಳಸುವ ಪುಡಿ. ನೀರಿನಲ್ಲಿ ಕರಗಿದ ಮೇಲೆ ಮೆಲ್ಲಮೆಲ್ಲಗೆ ಗ್ಲುಕೋನಿಕ್ ಆಮ್ಲವಾಗುತ್ತದೆ. ಚೆನ್ನಾಗಿ ಕಾಯಿಸಿ 40 ಡಿಗ್ರಿಗೆ ಆರಿಸಿದ 100 ಮಿಲಿ ಹಾಲಿಗೆ 1.5 ಗ್ರಾಂ ಹಾಕಿ, ಅರ್ಧ ನಿಮಿಷ ಕಲಕಿ, ಬೆಚ್ಚಗಿನ ಕಡೆ ಅಲುಗಾಡದಂತೆ ಇಡಿ. ಎರಡು ಮೂರು ಗಂಟೆಯಲ್ಲಿ ಮೊಸರಿನಂತೆಯೇ ಹೆಪ್ಪುಗಟ್ಟಿರುತ್ತದೆ.

ತರಗತಿಗೆ ಇನ್ನೊಂದು ಪ್ರಯೋಗ. ಅರ್ಧರ್ಧ ಲೀಟರ್ ಟೋನ್ಡ್ ಹಾಲು ಎರಡು ಪಾತ್ರೆಯಲ್ಲಿ ತೆಗೆದುಕೊಳ್ಳಿ. ಒಂದನ್ನು 85ರಿಂದ 90 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಕಾಯಿಸಿ. ಇನ್ನೊಂದನ್ನು 45 ಡಿಗ್ರಿ ದಾಟಲು ಬಿಡಬೇಡಿ. ಎರಡೂ 40 ಡಿಗ್ರಿಗೆ ಬಂದಾಗ ಒಂದೊಂದು ಟೀ ಚಮಚ, ಅಂದರೆ 5 ಮಿಲಿ, ಹೆಪ್ಪು ಹಾಕಿ ಹಾಟ್‌ಬಾಕ್ಸ್‌ನಲ್ಲಿಡಿ. ಕಾಯಿಸಿದ್ದು ಚಮಚ ನೆಟ್ಟರೆ ಗುಳಿ ಉಳಿಯುವಷ್ಟು ಗಟ್ಟಿ. ಕಾಯಿಸದ್ದು ಮೆತ್ತಗೆ, ಮೇಲೆ ತಿಳಿನೀರು. ಕಾರಣ ತಿಳಿ ಪ್ರೋಟೀನುಗಳಲ್ಲಿ ಮುಖ್ಯವಾದ ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್. ಇದು ಚೆಂಡಿನಂತೆ ಮಡಿಸಿಕೊಂಡಿರುವ, 162 ಅಮೈನೋ ಆಮ್ಲಗಳ ಸರಪಳಿ. ಅದರ ಸಿಸ್ಟೀನ್ ಒಂದರ ಗಂಧಕ ಯಾರ ಜೊತೆಗೂ ಬಂಧವಿಲ್ಲದೆ ಒಳಗೆ ಮುಚ್ಚಿಕೊಂಡಿರುತ್ತದೆ. 70 ಡಿಗ್ರಿ ದಾಟಿದರೆ ಮಡಿಕೆ ಬಿಚ್ಚಿ ಆ ಗಂಧಕ ಹೊರಬಂದು ಕಪ್ಪಾ ಕೇಸೀನ್‌ನ ಗಂಧಕದ ಜೊತೆ ಡೈಸಲ್ಫೈಡ್ ಬಂಧ ಕಟ್ಟುತ್ತದೆ. ಇದು ಸಹವೇಲೆನ್ಸೀಯ, ಸುಲಭಕ್ಕೆ ಬಿಡುವಂಥದ್ದಲ್ಲ. ಬಲೆಗೆ ಬಿಗಿ ಬರುವುದು, ನೀರು ನಿಲ್ಲುವುದು ಇದರಿಂದ. ಕೂದಲು, ಉಗುರು ಗಟ್ಟಿಯಾಗಿರುವುದೂ ಇದೇ ಬಂಧದಿಂದ ಎಂದು ಇಲ್ಲೇ ಸೇರಿಸಿಬಿಡಿ.

ಕೆಡುವುದು ಎಲ್ಲಿ: ಹಾಲು 55 ಡಿಗ್ರಿಗಿಂತ ಬಿಸಿ ಇರುವಾಗಲೇ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಬೆಳಿಗ್ಗೆಯೂ ಹಾಲು ಹಾಲೇ. ಹೆಪ್ಪು ಜಾಸ್ತಿಯಾದರೆ ಆಮ್ಲ ಬೇಗ ಏರಿ ಹುಳಿಯಾಗಿ ನೀರು ಬಿಡುತ್ತದೆ. ಎತ್ತಿದರೆ ಲೋಳೆಯಾಗಿ ನೂಲು ಬಂದರೆ, ಆ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯ ಅಣುಗಳನ್ನು ಉದ್ದಕ್ಕೆ ಜೋಡಿಸಿ ಪಾಲಿಸ್ಯಾಕರೈಡ್ ಮಾಡಿ ಹೊರಬಿಟ್ಟಿವೆ ಎಂದರ್ಥ. ಪಾಲಿಸ್ಯಾಕರೈಡ್ ಎಂಬ ಪದಕ್ಕೆ ಇದಕ್ಕಿಂತ ಕೈಗೆ ಸಿಗುವ ಉದಾಹರಣೆ ಬೇಡ.

---

ಬ್ಯುರೆಟ್

ಎರಡು ಮತ್ತು ಮೂರನೇ ಪ್ರಶ್ನೆಗೆ ಬರುತ್ತೇನೆ.

ಪಿಎಚ್ ಮಾಪಕವನ್ನು 1909ರಲ್ಲಿ ತಂದವರು ಸೋರೆನ್‌ಸೆನ್, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಅವರ ಕೆಲಸವೂ ಕಿಣ್ವಗಳ ಮೇಲೆಯೇ. ಹಾಗಾಗಿ ಪಿಎಚ್ ಜೀವಶಾಸ್ತ್ರದವರಿಗೆ ಹೊರಗಿನ ವಿಷಯವೇ ಅಲ್ಲ. ಮಾಪಕದಲ್ಲಿ ಒಂದು ಮೆಟ್ಟಿಲು ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು. ಇದನ್ನು ತೂಕದಲ್ಲಿ ಹೇಳಿ ನೋಡಿ. 6.6ರಲ್ಲಿರುವ ಒಂದು ಲೀಟರ್ ಹಾಲಿನಲ್ಲಿ ಬಿಡಿಯಾಗಿ ಓಡಾಡುವ ಹೈಡ್ರೋಜನ್ ಅಯಾನು ಕಾಲು ಮೈಕ್ರೋಗ್ರಾಂ. 4.6ರ ಮೊಸರಿನಲ್ಲಿ 25 ಮೈಕ್ರೋಗ್ರಾಂ. ನಿಜದಲ್ಲಿ ಅವು ನೀರಿನ ಅಣುವಿಗೆ ಅಂಟಿಕೊಂಡೇ ಇರುತ್ತವೆ, ಲೆಕ್ಕಕ್ಕೆ ಬಿಡಿ ಎಂದಿಟ್ಟುಕೊಳ್ಳಿ. ಒಂದು ಹರಳುಪ್ಪಿನ ಮುಂದೆ 25 ಮೈಕ್ರೋಗ್ರಾಂ ಏನೇನೂ ಅಲ್ಲ, ಅಷ್ಟೇ ಸಾಕು ಒಂದು ಲೀಟರ್ ಹಾಲಿನ ಕೇಸೀನ್‌ನ ಆವೇಶವನ್ನು ಸೊನ್ನೆಗೆ ತರಲು, ಎಂದು ಹೇಳಿಬಿಡಬೇಕು ಅನ್ನಿಸುತ್ತದೆ. ಅದು ತಪ್ಪು. ಆ ತಪ್ಪಿನಲ್ಲೇ ಬಫರ್ ಅಡಗಿದೆ.

ಲೆಕ್ಕ ಮಾಡೋಣ. ಒಂದು ಲೀಟರ್ ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ 7 ಗ್ರಾಂ ಎಂದಿಟ್ಟುಕೊಳ್ಳಿ. ಅಣುತೂಕ 90, ಹಾಗಾಗಿ ಸುಮಾರು 78 ಮಿಲಿಮೋಲ್ (ಅಣುಗಳ ಎಣಿಕೆಯ ಅಳತೆ). ಅದರ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟಿರುವ ಪಿಎಚ್, 3.86. ಇಷ್ಟನ್ನೇ ಬರೀ ನೀರಿಗೆ ಹಾಕಿದರೆ ಪಿಎಚ್ 2.5ಕ್ಕೆ ಇಳಿಯುತ್ತಿತ್ತು. ಮೊಸರಿನಲ್ಲಿ 4.6ಕ್ಕೇ ನಿಂತಿದೆ. 4.6ರಲ್ಲಿ ಲ್ಯಾಕ್ಟಿಕ್ ಆಮ್ಲದ ನೂರರಲ್ಲಿ 85 ಅಣುಗಳು ತಮ್ಮ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟಿರುತ್ತವೆ, ಅಂದರೆ 66 ಮಿಲಿಮೋಲ್‌ನಷ್ಟು. ಆದರೆ ಬಿಡಿಯಾಗಿ ಕಾಣುವುದು 0.025 ಮಿಲಿಮೋಲ್ ಮಾತ್ರ. ಎರಡೂವರೆ ಸಾವಿರಕ್ಕೂ ಮಿಕ್ಕಿದ ಅಯಾನುಗಳಲ್ಲಿ ಒಂದು ಹೊರಗೆ ಉಳಿದಿದೆ. ಉಳಿದವನ್ನೆಲ್ಲ ಹಾಲಿನ ಫಾಸ್ಫೇಟ್, ಸಿಟ್ರೇಟ್, ಕೇಸೀನ್ ಹಿಡಿದಿಟ್ಟುಕೊಂಡಿವೆ. ಬಫರ್ ಎಂದರೆ ಇದೇ, ಬಂದ ಹೈಡ್ರೋಜನ್ ಅಯಾನನ್ನು ಕೂರಿಸಿಕೊಳ್ಳಲು ತಯಾರಿರುವ ಜಾಗಗಳು. ಅವು ತುಂಬುವವರೆಗೂ ಪಿಎಚ್ ನಿಧಾನಕ್ಕೆ ಇಳಿಯುತ್ತದೆ. ಕಡೆಗೋಲು ಅವರು ಹೇಳಿದ ಕ್ಯಾಲ್ಸಿಯಂ ಫಾಸ್ಫೇಟ್ ಕರಗುವುದೂ ಹೈಡ್ರೋಜನ್ ಅಯಾನನ್ನು ನುಂಗಿಯೇ. 5ರ ಆಸುಪಾಸಿನಲ್ಲಿ ಹಾಲು ಅತಿ ಹೆಚ್ಚು ಎದುರು ನಿಲ್ಲುವುದಕ್ಕೆ ಅದೇ ಕಾರಣ.

ಆಮ್ಲ ಬಂದದ್ದು ಎಲ್ಲಿಂದ ಎಂಬುದನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ಒಂದು ಲ್ಯಾಕ್ಟೋಸ್ ಮತ್ತು ಒಂದು ನೀರು ಸೇರಿ ನಾಲ್ಕು ಲ್ಯಾಕ್ಟಿಕ್ ಆಮ್ಲ. 342 ಕೂಡಿಸು 18, 360. ನಾಲ್ಕು ಸಲ 90, ಅದೂ 360. ಪರಮಾಣು ಒಂದೂ ಕಳೆದಿಲ್ಲ, ಒಂದೂ ಹೊಸದಾಗಿ ಬಂದಿಲ್ಲ. ಆಮ್ಲಜನಕವೂ ಬೇಕಾಗಿಲ್ಲ. ಲ್ಯಾಕ್ಟೋಸ್ ಎಂದರೆ ಗ್ಲುಕೋಸ್, ಗ್ಯಾಲಕ್ಟೋಸ್ ಎರಡರ ಜೋಡಿ, ಕೆಲವು ಬ್ಯಾಕ್ಟೀರಿಯಾಗಳು ಗ್ಲುಕೋಸ್ ಪಾಲನ್ನಷ್ಟೇ ಬಳಸಿ ಗ್ಯಾಲಕ್ಟೋಸನ್ನು ಹೊರಗೆ ಬಿಡುತ್ತವೆ. ಆಗ ಒಂದಕ್ಕೆ ಎರಡೇ ಆಮ್ಲ. ಹೇಗೆ ಲೆಕ್ಕ ಹಾಕಿದರೂ 7 ಗ್ರಾಂ ಆಮ್ಲಕ್ಕೆ ಖರ್ಚಾಗುವ ಲ್ಯಾಕ್ಟೋಸ್ ಏಳು ಗ್ರಾಮಿನಿಂದ ಹದಿಮೂರು ಗ್ರಾಮಿನಷ್ಟು. 48ರಲ್ಲಿ ದೊಡ್ಡ ಪಾಲು ಮೊಸರಿನಲ್ಲಿ ಹಾಗೇ ಉಳಿದಿರುತ್ತದೆ. ಬ್ಯಾಕ್ಟೀರಿಯಾಗಳು ನಿಲ್ಲಿಸುವುದು ಊಟ ಮುಗಿದು ಅಲ್ಲ, ತಾವೇ ಮಾಡಿದ ಆಮ್ಲ ತಾಳಲಾರದೆ.

ಪ್ರಯೋಗ ಹೀಗೆ. ಎರಡು ಲೋಟ. ಒಂದರಲ್ಲಿ 100 ಮಿಲಿ ನೀರು, ಇನ್ನೊಂದರಲ್ಲಿ 100 ಮಿಲಿ ಹಾಲು, ಎರಡೂ ಕೋಣೆಯ ಬಿಸಿಯಲ್ಲಿ. ಸಿರಿಂಜಿನಿಂದ ಎರಡಕ್ಕೂ 1 ಮಿಲಿ ವಿನೆಗರ್, ಕಲಕಿ, ಪಿಎಚ್ ಕಾಗದ. ಶೇಕಡ 5ರ ವಿನೆಗರ್ ಆದರೆ ನೀರು 3.4ಕ್ಕೆ ಇಳಿಯುತ್ತದೆ. ಹಾಲು 6ರ ಮೇಲೆಯೇ ಇರುತ್ತದೆ. ಆಮೇಲೆ ಹಾಲಿಗೆ ಒಂದೊಂದೇ ಮಿಲಿ ಸೇರಿಸುತ್ತ, ಪ್ರತಿ ಸಲ ಪಿಎಚ್ ಬರೆದುಕೊಳ್ಳುತ್ತ ಹೋಗಲಿ. ಹಾಲಿನಲ್ಲಿ ತರಿತರಿ ಕಂಡ ಕ್ಷಣದ ಪಿಎಚ್‌ಗೆ ಗುಂಡುಸುತ್ತು ಹಾಕಿಸಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಬೋರ್‌ವೆಲ್ ನೀರು ಬಳಸಬೇಡಿ. ಬಯಲುಸೀಮೆಯ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿರುತ್ತದೆ. ಅದೂ ಬಫರೇ. ಲೀಟರಿಗೆ 6 ಮಿಲಿಮೋಲ್ ಬೈಕಾರ್ಬೊನೇಟ್ ಇರುವ ನೀರಿಗೆ ಮೇಲಿನಷ್ಟೇ ವಿನೆಗರ್ ಹಾಕಿದರೆ ಪಿಎಚ್ 5ರ ಹತ್ತಿರವೇ ನಿಲ್ಲುತ್ತದೆ, ಹಾಲಿಗೂ ನೀರಿಗೂ ಅಂಥ ಭೇದ ಕಾಣದೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಮೊದಲು ಅದರಲ್ಲಿ ಮಾಡಿ, ಕೊನೆಗೆ ಬೇಕೆಂದೇ ಬೋರ್‌ವೆಲ್ ನೀರಿನಲ್ಲೂ ಮಾಡಿಸಿ. ಆಗ ಅದು ತಪ್ಪಾಗುವುದಿಲ್ಲ, ಎರಡನೇ ಪಾಠವಾಗುತ್ತದೆ.

ಇನ್ನೊಂದು, ಪಿಎಚ್ ಕಾಗದವನ್ನು ಹಾಲಿನಲ್ಲಿ ಅದ್ದಿದರೆ ಮೇಲೆ ಬಿಳಿ ಪದರ ಕೂತು ಬಣ್ಣ ತಿಳಿಯಾಗಿ ಕಾಣುತ್ತದೆ. ತುದಿ ಮಾತ್ರ ಅದ್ದಿ ತೆಗೆದು, ತೇವ ಮೇಲೇರಿ ಬಂದ ಅಂಚಿನ ಬಣ್ಣ ನೋಡಬೇಕು. ಪ್ರೋಟೀನು ಬಣ್ಣದ ಅಣುಗಳನ್ನೂ ಹಿಡಿದುಕೊಳ್ಳುವುದರಿಂದ ಅರ್ಧ ಅಂಕಿ ಆಚೀಚೆ ಬರಬಹುದು. ಈ ಪ್ರಯೋಗಕ್ಕೆ ಅಷ್ಟು ನಿಖರತೆ ಸಾಕು.

ಹಾಲಿನಿಂದ ರಕ್ತಕ್ಕೆ ದಾಟುವುದು ಸುಲಭ. ರಕ್ತದ ಪಿಎಚ್ 7.35ರಿಂದ 7.45. ಅಲ್ಲಿ ಮುಖ್ಯ ಬಫರ್ ಬೈಕಾರ್ಬೊನೇಟ್, ಲೀಟರಿಗೆ ಸುಮಾರು 24 ಮಿಲಿಮೋಲ್. ಅದಕ್ಕೆ ಜೋಡಿಯಾಗಿ ಕರಗಿದ ಇಂಗಾಲದ ಡೈಆಕ್ಸೈಡ್ 1.2 ಮಿಲಿಮೋಲ್. ಪಿಕೆಎ 6.1. ಇಪ್ಪತ್ತಕ್ಕೆ ಒಂದರ ಈ ಅನುಪಾತವೇ 7.4 ಕೊಡುತ್ತದೆ. ಪಿಕೆಎಯಿಂದ ಇಷ್ಟು ದೂರವಿರುವ ಬಫರ್ ಮುಚ್ಚಿದ ಪಾತ್ರೆಯಲ್ಲಿ ದುರ್ಬಲ. ದೇಹದಲ್ಲಿ ಪಾತ್ರೆ ತೆರೆದಿದೆ, ಪುಪ್ಪುಸಗಳು ಡೈಆಕ್ಸೈಡನ್ನು ಹೊರಹಾಕುತ್ತಲೇ ಇರುತ್ತವೆ. ಉಸಿರು ಬಿಗಿಹಿಡಿದರೆ ಅನುಪಾತದಲ್ಲಿ ಡೈಆಕ್ಸೈಡಿನ ಅಂಕಿ ಏರಿ ಪಿಎಚ್ ಇಳಿಯುತ್ತದೆ. ಓಡಿದಾಗ ಏದುಸಿರು ಬರುವುದನ್ನು ಈ ಅನುಪಾತದ ಪಕ್ಕದಲ್ಲೇ ನಿಲ್ಲಿಸಿ ವಿವರಿಸಿ.

---

ಹೊಂಗೆನೆರಳು

ಇಬ್ಬರಿಗೂ ಧನ್ಯವಾದ. ಬೋರ್‌ವೆಲ್ ನೀರಿನ ವಿಷಯ ನನಗೆ ಹೊಳೆದೇ ಇರಲಿಲ್ಲ, ಲ್ಯಾಬಿಗೆ ಬರುವುದು ಅದೇ ನೀರು. ಮತ್ತೆರಡು ಅನುಮಾನ. ದ್ವಿತೀಯ ಪಿಯು ರಸಾಯನಶಾಸ್ತ್ರ ಪಠ್ಯದಲ್ಲಿ ಮೊಟ್ಟೆ ಬೇಯುವುದನ್ನೂ ಹಾಲು ಮೊಸರಾಗುವುದನ್ನೂ ಪ್ರೋಟೀನಿನ ಡಿನೇಚರೇಶನ್‌ಗೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ಇಲ್ಲಿ ನೀವು ಆವೇಶ ಸೊನ್ನೆಯಾಗುವುದು ಎನ್ನುತ್ತಿದ್ದೀರಿ. ಎರಡೂ ಒಂದೇನಾ? ಇನ್ನೊಂದು, ಪಿಎಚ್ ಕಾಗದ ಮುಗಿದರೆ ದಾಸವಾಳದ ಹೂವಿನ ರಸ, ಅರಿಶಿನ ನಡೆಯುತ್ತದೆಯೇ?

---

ಕೋಶಕೇಂದ್ರ

ಒಂದೇ ಅಲ್ಲ, ಬೇರೆ ಮಾಡಿ ಹೇಳುವುದು ಒಳ್ಳೆಯದು. ಪರೀಕ್ಷೆಯಲ್ಲಿ ಪಠ್ಯದಲ್ಲಿದ್ದಂತೆ ಬರೆಯಲಿ, ಅಂಕ ಹೋಗಬಾರದು. ತಿಳಿವಳಿಕೆಗೆ ಮಾತ್ರ ಹೀಗೆ: ಡಿನೇಚರೇಶನ್ ಎಂದರೆ ಮಡಿಸಿಕೊಂಡಿದ್ದ ಪ್ರೋಟೀನು ಮಡಿಕೆ ಬಿಚ್ಚಿಕೊಳ್ಳುವುದು. ಕೇಸೀನ್‌ಗೆ ಬಿಚ್ಚಿಕೊಳ್ಳಲು ಅಂಥ ಮಡಿಕೆಯೇ ಇಲ್ಲ. ಅದರಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಹೇರಳ. ಪ್ರೋಲಿನ್ ಬಂದ ಕಡೆ ಸುರುಳಿ ಮುರಿಯುತ್ತದೆ. ಹಾಗಾಗಿ ಕೇಸೀನ್ ಸರಪಳಿ ಮೊದಲಿನಿಂದಲೂ ಸಡಿಲವಾಗಿಯೇ ಇರುತ್ತದೆ. ಅದನ್ನು ಕಾಯಿಸಿದರೂ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುವುದಿಲ್ಲ. ಹಾಲನ್ನು ಗಂಟೆಗಟ್ಟಲೆ ಕುದಿಸಿ ಖೋವಾ ಮಾಡಿದರೂ ಅದು ಒಡೆಯದೆ ಇಂಗುವುದು ಇದರಿಂದ. ಮೊಸರಿನಲ್ಲಿ ನಡೆಯುವುದು ಆವೇಶ ಕಳೆದುಕೊಂಡು ಗುಂಪುಗೂಡುವುದು. ನಿಜವಾದ ಡಿನೇಚರೇಶನ್ ನಡೆದದ್ದು ಅದಕ್ಕೂ ಮೊದಲು, ಹಾಲು ಕಾಯಿಸುವಾಗ, ತಿಳಿ ಪ್ರೋಟೀನುಗಳಲ್ಲಿ.

ಡಿನೇಚರೇಶನ್‌ಗೆ ಹಾಲಿನದೇ ಉದಾಹರಣೆ ಬೇಕಾದರೆ ಗಿಣ್ಣು ಇದೆಯಲ್ಲ. ಕರು ಹಾಕಿದ ಮೇಲೆ ಮೊದಲು ಕರೆದ ಹಾಲಿನಲ್ಲಿ ಪ್ರೋಟೀನು ನೂರಕ್ಕೆ 14ರಷ್ಟಿರುತ್ತದೆ. ಅದರಲ್ಲಿ ದೊಡ್ಡ ಪಾಲು ಕರುವಿಗೆ ರಕ್ಷಣೆ ಕೊಡುವ ಇಮ್ಯುನೋಗ್ಲೋಬ್ಯುಲಿನ್‌ಗಳು, ಚೆನ್ನಾಗಿ ಮಡಿಸಿಕೊಂಡ ಪ್ರೋಟೀನುಗಳು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಮಡಿಕೆ ಬಿಚ್ಚಿ ಒಂದಕ್ಕೊಂದು ಹೆಣೆದುಕೊಂಡು ಮೊಟ್ಟೆಯ ಹಾಗೆಯೇ ಗಟ್ಟಿಯಾಗುತ್ತವೆ. ಹುಳಿ ಇಲ್ಲ, ಹೆಪ್ಪು ಇಲ್ಲ, ಬರೀ ಬಿಸಿ. ಮೊಸರು, ಗಿಣ್ಣು ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದರಲ್ಲಿ ಆವೇಶ ಹೋಯಿತು, ಯಾವುದರಲ್ಲಿ ಮಡಿಕೆ ಬಿಚ್ಚಿತು ಎಂದು ಕೇಳಿ.

ಮೇಲೆ "ಒಟ್ಟು ಆವೇಶ ಸೊನ್ನೆ" ಎಂದಿರುವುದನ್ನು ಮಕ್ಕಳು ಆವೇಶವೇ ಇಲ್ಲ ಎಂದು ತಿಳಿಯುವ ಸಾಧ್ಯತೆ ಇದೆ. 4.6ರಲ್ಲೂ ಕೇಸೀನ್‌ನ ಅಮೈನೋ ಆಮ್ಲಗಳ ಪೈಕಿ ಗ್ಲುಟಾಮಿಕ್, ಆಸ್ಪಾರ್ಟಿಕ್ ಆಮ್ಲಗಳಲ್ಲಿ ಎಷ್ಟೋ ಋಣವಾಗಿಯೇ ಇರುತ್ತವೆ, ಲೈಸಿನ್, ಆರ್ಜಿನಿನ್ ಧನವಾಗಿರುತ್ತವೆ. ಎರಡೂ ಸರಿಸಮವಾದವು ಅಷ್ಟೆ. ಇನ್ನೂ ಆಮ್ಲ ಸುರಿದು 3ಕ್ಕೆ ಇಳಿಸಿದರೆ ಧನಾವೇಶ ಮೇಲಾಗಿ ಕೇಸೀನ್ ಮತ್ತೆ ಕರಗತೊಡಗುತ್ತದೆ. ಇದು ಗೊತ್ತಾದರೆ, ಪ್ರತಿ ಕಿಣ್ವಕ್ಕೂ ತನ್ನದೇ ಪಿಎಚ್ ಯಾಕೆ ಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಜಠರದ ಪೆಪ್ಸಿನ್ 2ರ ಸುಮಾರಿನಲ್ಲಿ, ಕೋಶದೊಳಗಿನ ಲೈಸೋಸೋಮ್ ಕಿಣ್ವಗಳು ಹೆಚ್ಚುಕಡಿಮೆ ಮೊಸರಿನ ಪಿಎಚ್‌ನಲ್ಲೇ ಕೆಲಸ ಮಾಡುತ್ತವೆ.

ಕೊಬ್ಬಿನ ಬಗ್ಗೆ ಯಾರೂ ಹೇಳಲಿಲ್ಲ. ಲ್ಯಾಕ್ಟೋಸ್ ಅಣುವಿನಲ್ಲಿ 8 ಹೈಡ್ರಾಕ್ಸಿಲ್ ಗುಂಪುಗಳಿವೆ, ನೀರಿನ ಜೊತೆ ಹೈಡ್ರೋಜನ್ ಬಂಧ ಕಟ್ಟಿ ಕರಗುತ್ತದೆ. ಕೊಬ್ಬಿನ ಉದ್ದನೆಯ ಇಂಗಾಲದ ಬಾಲಗಳಿಗೆ ಆ ಅನುಕೂಲವಿಲ್ಲ. ಹಾಗಿದ್ದರೆ ತುಪ್ಪ ತೇಲಿದ ಹಾಗೆ ಹಾಲಿನ ಕೊಬ್ಬು ಒಟ್ಟಾಗಿ ಯಾಕೆ ತೇಲುವುದಿಲ್ಲ? ಪ್ರತಿ ಕೊಬ್ಬಿನ ಹನಿಯ ಸುತ್ತಲೂ ಫಾಸ್ಫೋಲಿಪಿಡ್ ಪೊರೆಯಿದೆ, ಒಂದು ತುದಿ ನೀರಿಗೆ, ಇನ್ನೊಂದು ಕೊಬ್ಬಿಗೆ ಒಗ್ಗುವ ಅಣುಗಳ ಪೊರೆ. ಕೆಚ್ಚಲಿನ ಜೀವಕೋಶದಿಂದ ಹನಿ ಹೊರಬರುವಾಗ ಆ ಕೋಶದ ಹೊರಪೊರೆಯನ್ನೇ ಹೊದ್ದುಕೊಂಡು ಬರುತ್ತದೆ. ಮೊಸರು ಕಡೆಯುವುದು ಎಂದರೆ ಆ ಪೊರೆಯನ್ನು ಹರಿಯುವುದು, ಒಳಗಿನ ಕೊಬ್ಬು ಕೊಬ್ಬಿಗೆ ಸೇರಿ ಬೆಣ್ಣೆಯಾಗುವುದು. ಕೋಶಪೊರೆಯ ಪಾಠಕ್ಕೆ ಮಜ್ಜಿಗೆಯಿಂದಲೇ ಹೋಗಬಹುದು, ಹರಿದ ಪೊರೆಯ ಚೂರುಗಳು ಉಳಿಯುವುದು ಅದರಲ್ಲೇ.

---

ಬ್ಯುರೆಟ್

ಅರಿಶಿನ ಇಲ್ಲಿ ಉಪಯೋಗಕ್ಕೆ ಬಾರದು. ಅದು ಹಳದಿಯಿಂದ ಕೆಂಪಿಗೆ ತಿರುಗುವುದು ಪಿಎಚ್ 7.4 ದಾಟಿದ ಮೇಲೆ. ಹಾಲಿನಲ್ಲೂ ಹಳದಿ, ಮೊಸರಿನಲ್ಲೂ ಹಳದಿ. ದಾಸವಾಳ ಪರವಾಗಿಲ್ಲ. ಐದಾರು ಕೆಂಪು ಹೂವಿನ ಎಸಳು, 100 ಮಿಲಿ ಬಿಸಿ ಡಿಸ್ಟಿಲ್ಡ್ ನೀರು, ಹತ್ತು ನಿಮಿಷ ಬಿಟ್ಟು ಸೋಸಿ, ಅದೇ ದಿನ ಬಳಸಿ. 3ರ ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ಕೆಳಗೆ ಕೆಂಪು ಎದ್ದು ಕಾಣುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರು. 4ರಿಂದ 6ರ ನಡುವೆ ಬಣ್ಣ ಮಸುಕು, ಅದರಿಂದ ಮೊಸರಿನ ಪಿಎಚ್ ಅಳೆಯಲು ಆಗದು. ವಿನೆಗರ್ ಹಾಕಿದ ನೀರು ಕೆಂಪಾಯಿತು, ವಿನೆಗರ್ ಹಾಕಿದ ಬೋರ್‌ವೆಲ್ ನೀರು ಕೆಂಪಾಗಲಿಲ್ಲ ಎಂದು ತೋರಿಸುವುದಕ್ಕೆ ಮಾತ್ರ ಚೆನ್ನ.

ಸೋಡಾ ಹಾಕಿದ ಹಾಲಿನ ವಿಷಯವನ್ನೂ ಬಫರಿಗೆ ಜೋಡಿಸಬಹುದು. ಹುಳಿಯಾಗತೊಡಗಿದ ಹಾಲು ಒಲೆಯ ಮೇಲೆ ಒಡೆಯದಿರಲೆಂದು ಅಡುಗೆಸೋಡಾ ಬೆರೆಸುವುದುಂಟು, ಅದು ಕಲಬೆರಕೆ. ಬೈಕಾರ್ಬೊನೇಟ್ ಹೈಡ್ರೋಜನ್ ಅಯಾನನ್ನು ಹಿಡಿದುಕೊಳ್ಳುತ್ತದೆ, ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲು ಹೆಚ್ಚು ಹೊತ್ತು ಬೇಕು. ಅರ್ಧ ಲೀಟರಿಗೆ 1 ಗ್ರಾಂ ಸೋಡಾ ಹಾಕಿದ ಹಾಲು, ಹಾಕದ ಹಾಲು, ಎರಡಕ್ಕೂ ಒಂದೇ ಹೆಪ್ಪು, ಗಂಟೆಗೊಮ್ಮೆ ಪಿಎಚ್. ಇದನ್ನು ಕುಡಿಯಲು ಕೊಡಬೇಡಿ.

---

ಕಡೆಗೋಲು

ಕೋಶಕೇಂದ್ರ ಅವರು ಹೇಳಿದ ಡಿನೇಚರೇಶನ್ ಭೇದವನ್ನು ಕಣ್ಣಿಗೇ ಕಾಣಿಸಬಹುದು. ನಾನು ಹೇಳಿದ ಎರಡು ಪಾತ್ರೆಗಳ ಮೊಸರನ್ನು ಮಾರನೇ ದಿನ ಬೇರೆಬೇರೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ತಿಳಿನೀರು ಹಿಡಿದುಕೊಳ್ಳಿ. ತಿಳಿಯಾಗುವವರೆಗೆ ಹತ್ತಿ ಅಥವಾ ಫಿಲ್ಟರ್ ಕಾಗದದಲ್ಲಿ ಸೋಸಿ, ಮೊದಮೊದಲು ಬರುವ ಮಬ್ಬಾದ ನೀರನ್ನು ಮತ್ತೆ ಮೇಲಕ್ಕೆ ಸುರಿಯಿರಿ. 20 ಮಿಲಿಯಂತೆ ಎರಡು ಪ್ರನಾಳಗಳಲ್ಲಿ ತೆಗೆದುಕೊಂಡು ಕುದಿಯುವ ನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ. ಕಾಯಿಸದ ಹಾಲಿನ ಮೊಸರಿನಿಂದ ಬಂದ ತಿಳಿನೀರಿನಲ್ಲಿ ಬಿಳಿ ಚೂರುಗಳು ಎದ್ದು ತೇಲುತ್ತವೆ. ತಿಳಿ ಪ್ರೋಟೀನು ಅಲ್ಲಿಯವರೆಗೂ ಮಡಿಸಿಕೊಂಡೇ ಇತ್ತು, ಈಗ ಬಿಚ್ಚಿತು. ಚೆನ್ನಾಗಿ ಕಾಯಿಸಿದ ಹಾಲಿನ ಮೊಸರಿನ ತಿಳಿನೀರಿನಲ್ಲಿ ಚೂರುಗಳು ತೀರಾ ಕಡಿಮೆ, ಅದರ ಪ್ರೋಟೀನು ನಿನ್ನೆಯೇ ಕೇಸೀನ್‌ಗೆ ಅಂಟಿ ಬಟ್ಟೆಯೊಳಗೆ ಉಳಿದುಹೋಗಿದೆ. ಪ್ರನಾಳಗಳ ಮೇಲೆ ಗುರುತು ಹಾಕುವುದನ್ನು ಮರೆಯಬೇಡಿ, ಕಾಯಿಸುವ ಮುಂಚೆ ಎರಡೂ ನೋಡಲು ಒಂದೇ ಥರದ ತಿಳಿ ಹಸಿರು-ಹಳದಿ.